ತಿಪ್ಪಮ್ಮನ ಎಮ್ಮೆ

ಮಾಚೇನಹಳ್ಳಿಯ ಫೌಂಡ್ರಿ ಗೋಡೆಯ ಹಿಂದೆ
ಹೊಟ್ಟೆಯುಬ್ಬಿಸಿಕೊಂಡು ಮಲಗಿದೆ ಒಂದು ಹಸಿರು ಗುಮ್ಮಟ.
ಬೋರ್ಡಿನಲ್ಲಿ ಅದಕ್ಕೆ ಉದ್ದದ ಹೆಸರಿದೆ.
ತಿಪ್ಪಮ್ಮ ಕರೆಯುವುದು ಎಮ್ಮೆ ಅಂತ.

'ಬೆಳಿಗ್ಗೆ ಐದಕ್ಕೇ ಮೇವು ಬೇಕು, ಸಾಬ್ರೆ.
ತಡ ಆದ್ರೆ ಮುನಿಸು. ಹುಳಿ ಹೆಚ್ಚಾದ್ರೆ ಹೊಟ್ಟೆ ಕೆಡ್ತದೆ.'
ನಿನ್ನೆ ಯಾವುದೋ ಛತ್ರದಲ್ಲಿ ಮದುವೆ:
ಎಂಟುನೂರು ಎಲೆ, ಅರ್ಧ ಕಚ್ಚಿದ ಹೋಳಿಗೆ,
ಯಾರೂ ಮುಟ್ಟದ ಹಾಗಲಕಾಯಿ ಗೊಜ್ಜು.
ಜೊತೆಗೆ ಮಾರ್ಕೆಟ್ಟಿನ ಕೊಳೆತ ಕೋಸು,
ಸಗಣಿ ಎರಡು ಟ್ರ್ಯಾಕ್ಟರು.
ಅದರೊಳಗೆ ಕೈಯಿಟ್ಟು ಅವಳು
ಪ್ಲಾಸ್ಟಿಕ್ ಲೋಟ ಹೆಕ್ಕುತ್ತಾಳೆ,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ನಾನು ಹೊರಗೆ, ಸರದಿಯಲ್ಲಿ.
ಗ್ಯಾಸ್ ತುಂಬುವುದಕ್ಕೆ ಡೀಸೆಲ್ಲಿಗಿಂತ
ಒಂದು ಟೀ ಕುಡಿಯುವಷ್ಟು ಹೊತ್ತು ಹೆಚ್ಚು.

ಮೂವತ್ತೊಂದು ವರ್ಷ ನಾನು ಡೀಸೆಲ್ಲಿನವನು.
ಬನಿಯನ್ನಿನಲ್ಲಿ ಡೀಸೆಲ್ಲು, ಬುತ್ತಿಯಲ್ಲಿ ಡೀಸೆಲ್ಲು,
ಕೆಮ್ಮಿದರೆ ಕರವಸ್ತ್ರದಲ್ಲಿ ಕಾಡಿಗೆ.
ಮಗಳು ಹಸೀನಾ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು,
ಅಬ್ಬಾ ಬಂದ್ರು.
ಈಗ ಬೆನ್ನ ಹಿಂದೆ ಹೋಗಿ ನಿಂತರೂ ತಿರುಗುವುದಿಲ್ಲ.
ಒಂದು ವಾಸನೆ ಹೋದರೆ ಅದರ ಜೊತೆ
ಮನುಷ್ಯ ಎಷ್ಟು ಹೋಗುತ್ತಾನೋ,
ತೂಗಿ ನೋಡಿಲ್ಲ.

ಈ ಗಾಡಿ ಕೊಟ್ಟ ದಿನ ಮಾಲೀಕರಿಗೆ ಹೇಳಿದ್ದೆ:
ಎಂಜಲು ಕುಡಿದು ಹುಲಿಕಲ್ ಘಾಟಿ ಏರುವುದಕ್ಕೆ
ಇದೇನು ಲಾರಿಯೋ, ಹಂದಿಯೋ?

ಮಂಗಳೂರಲ್ಲಿ ಎರಕದ ಸಾಮಾನು ಇಳಿಸಿ, ಬಂದರಿನಿಂದ
ಗುಜರಿ ಹೇರಿಕೊಂಡು ವಾಪಸು.
ಸಿದ್ದಾಪುರ, ಹೊಸಂಗಡಿ. ಆಮೇಲೆ ಏರು.
ಕ್ಲೀನರ್ ಕಲ್ಲೇಶಿ ಚಂಡಿಕಾಂಬೆಗೆ ನಾಣ್ಯ ಹಾಕಿದ.
ನಾನೂ ಹಾಕಿದೆ. ಯಾವಾಗಲೂ ಹಾಕುತ್ತೇನೆ.
ಎರಡನೇ ಗೇರು.
ಹೇರಿಕೊಂಡದ್ದೂ ಯಾರೋ ಬಿಸಾಡಿದ್ದು,
ಒಳಗೆ ಉರಿಯುವುದೂ ಯಾರೋ ಬಿಸಾಡಿದ್ದು,
ಸ್ಟಿಯರಿಂಗ್ ಹಿಡಿದವನ ವಿಷಯ ಬಿಡಿ.

ಒಂದು ತಿರುವಿನಲ್ಲಿ ಎಂಜಿನ್ನು ತಡವರಿಸಿತು.
ಕಲ್ಲೇಶಿ ಅಡ್ಡಗಲ್ಲಿಗೆ ಕೈ ಹಾಕಿದ.
ಯಾವ ಮದುಮಗನ ಅದೃಷ್ಟವೋ,
ಮುಂದಿನ ಉಸಿರಿಗೆ ಎಳೆಯಿತು.
ಕನ್ನಡಿ ನೋಡಿದೆ: ಹಿಂದೆ ಕರಿ ಬಾಲ ಇಲ್ಲ.
ಬೈಕಿನ ಹುಡುಗಿ ಸೆರಗು ಮೂಗಿಗೆ ಒತ್ತಿಲ್ಲ.
ಜರಿಗಿಡದ ಎಲೆ ಎಲೆಯ ಬಣ್ಣದಲ್ಲೇ ಇದೆ.

ಸಂಜೆ ಬಂದು ನಿಲ್ಲಿಸುವಾಗ
ಡೆಲ್ಫಿನ್ ಮೇಡಂ ಕಲಿಸಿದ ಹಾಗೆ ತಿಪ್ಪಮ್ಮ
ಲೋಟದಲ್ಲಿ ಸೋಪು ಕಲಸಿ ಹಳೇ ಬ್ರಷ್ಷಿನಲ್ಲಿ
ಪೈಪಿನ ಕೀಲು ಕೀಲಿಗೂ ಹಚ್ಚುತ್ತಿದ್ದಳು.
'ಉರಿದ್ರೆ ಸರಿ, ಸಾಬ್ರೆ. ಉರೀದೆ ಸೋರಿದ್ರೆ ಮಾತ್ರ
ನಿಮ್ಮ ಹಳೇ ಹೊಗೆಗಿಂತ ಕೆಟ್ಟದ್ದಂತೆ,
ಬ್ಯಾಸಿಗೇಲಿ ಭೂಮಿಗೆ ಕಂಬಳಿ ಹೊದಿಸ್ದಂಗಂತೆ.
ತಿಪ್ಪೆ ಸಾರಿಸಿ ಹೋಗೋ ಕೆಲ್ಸ ಅಲ್ಲ.'
ಅಂದು ತನ್ನ ಹೆಸರಿಗೆ ತಾನೇ ನಕ್ಕಳು.
ಇದೇ ಹೆಸರಿಗೆ ಶಾಲೆಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ.
ಮೂರನೇ ಕ್ಲಾಸಿಗೇ ಬಿಟ್ಟಳಂತೆ.

ನಾಲ್ಕನೇ ಕೀಲಿನಲ್ಲಿ ಒಂದು ಗುಳ್ಳೆ.
ಕಡಲೆಯಷ್ಟಿತ್ತು, ನಿಂಬೆಯಷ್ಟಾಯಿತು,
ಮೈಮೇಲೆ ಸಣ್ಣದಾಗಿ ಗುಮ್ಮಟ, ಲಾರಿ, ನಾವಿಬ್ಬರು.
ಒಡೆಯಿತು.
ಸ್ಪ್ಯಾನರ್ ಕೇಳಿದಳು. ಕೊಟ್ಟೆ.
ಮುಕ್ಕಾಲು ಸುತ್ತು.
ಮತ್ತೆ ನೊರೆ ಹಚ್ಚಿ ಕಾದಳು.

'ಸಮುದ್ರ ಹೆಂಗಿರ್ತದೆ ಸಾಬ್ರೆ?'
ಕಣ್ಣು ನೊರೆಯ ಮೇಲೆಯೇ.

ಯೋಚಿಸಿದೆ. ಇಷ್ಟು ವರ್ಷ ನಾನು ಕಂಡದ್ದು
ಬಂದರಿನ ಗೇಟು, ತೂಕದ ಚೀಟಿ,
ಲುಂಗಿ ಒಣಹಾಕಿದ ತಂತಿ.

'ಉಪ್ಪಿನ ವಾಸನೆ ಬರ್ತದೆ' ಅಂದೆ.
ಈಚೆಗೆ ಬರುತ್ತಿದೆ.